ಪುಟ್ ಅಪ್ ಎಂದರೆ

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಕಾರ್ಖಾನೆಯೊಂದರ ಆಫೀಸಿಗೆ ಟೈಪಿಸ್ಟಾಗಿ ಸೇರಿದಾಗ ಬೆಂಗಳೂರಿನಲ್ಲಿ ನನಗೆ ಯಾರೂ ಇರಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಒಂದು ಕೋಣೆ ಹಿಡಿದಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿದವಳು. ಬೆರಳಿಗೆ ಬರುತ್ತಿದ್ದ ಇಂಗ್ಲಿಷು ಕಿವಿಗೆ ಬರುತ್ತಿರಲಿಲ್ಲ.

ಆಫೀಸಿನಲ್ಲಿ ದಿನವಿಡೀ ಕೇಳುತ್ತಿದ್ದ ಮಾತು ‘ಪುಟ್ ಅಪ್’. ಫೈಲನ್ನು ಸಾಹೇಬರ ಮುಂದಿಡು ಎಂದರ್ಥ. ನನಗೆ ಗೊತ್ತಿದ್ದದ್ದು ಅದೊಂದೇ. ಹೊಸದಾಗಿ ಬಂದ ಮ್ಯಾನೇಜರು ಒಂದು ದಿನ ನನ್ನತ್ತ ತಿರುಗಿ, “ವೇರ್ ಆರ್ ಯು ಪುಟ್ ಅಪ್?” ಎಂದರು.

“ಆನ್ ಯುವರ್ ಟೇಬಲ್, ಸಾರ್.”

ಎಲ್ಲರೂ ನಕ್ಕರು. ಯಾಕೆಂದು ಯಾರೂ ಹೇಳಲಿಲ್ಲ. ಅಂದಿನಿಂದ ನಾನು ಮಾತು ಕಡಿಮೆ ಮಾಡಿದೆ. ಕೆಲವು ಭಾನುವಾರಗಳಲ್ಲಿ ಸೊಪ್ಪಿನವಳೊಡನೆ ಆಡಿದ್ದಷ್ಟೇ ಮಾತು.

ಮಳೆಗಾಲದಲ್ಲಿ ಜ್ವರ ಬಂದು ಮಲಗಿದೆ. ಯಾರೂ ಬರಲಾರರೆಂದುಕೊಂಡಿದ್ದಾಗ ಆಫೀಸಿನ ಟೆಲಿಫೋನ್ ಆಪರೇಟರು ಹುಡುಕಿಕೊಂಡು ಬಂದರು. ಗಂಡನನ್ನು ಬಿಟ್ಟು ವಿಜಯನಗರದ ಅಣ್ಣನ ಮನೆಯಲ್ಲಿದ್ದವರು.

“ಏಳು, ನಮ್ಮನೇಗೆ ಹೋಗೋಣ. ಅವತ್ತು ಮ್ಯಾನೇಜರ್ ಕೇಳಿದ್ದು ಫೈಲಲ್ಲ ಕಣೇ, ನೀನೆಲ್ಲಿ ಉಳ್ಕೊಂಡಿದೀಯ ಅಂತ.”

ನಾಚಿಕೆಗೆ ಗೋಡೆಯತ್ತ ತಿರುಗಿಕೊಂಡೆ. ಅವರು ನನ್ನ ಸೀರೆಗಳನ್ನು ಚೀಲಕ್ಕೆ ತುಂಬಿದರು.

ಅವರ ಕೋಣೆಯಲ್ಲೇ ನನಗೂ ಹಾಸಿದರು. ಗಂಜಿ ಕುಡಿದು ಚೇತರಿಸಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಅತ್ತಿಗೆಯ ದನಿ ಕೇಳಿತು: “ಒಬ್ರನ್ನ ಇಟ್ಕೊಂಡಿರೋದು ಸಾಲ್ದು ಅಂತ ಇನ್ನೊಬ್ರು!”

ಆಪರೇಟರು ನನ್ನ ತಲೆ ಬಾಚುವುದನ್ನು ನಿಲ್ಲಿಸಲಿಲ್ಲ. “ಆ ‘ಪುಟ್ ಅಪ್’ಗೇ ‘ವಿತ್’ ಸೇರಿಸಿದ್ರೆ ಸಹಿಸ್ಕೊಳ್ಳೋದು ಅಂತಾಗುತ್ತೆ,” ಎಂದರು ಮೆಲ್ಲಗೆ. “ಅವ್ರು ನನ್ನ, ನಾನು ಅವ್ರನ್ನ.”

ನನಗೆಲ್ಲಿತ್ತೋ ಧೈರ್ಯ. “ನಾವಿಬ್ರೂ ಸೇರಿ ಒಂದು ಮನೆ ಮಾಡೋಣ್ವಾ?” ಎಂದೆ.

ಬಾಚಣಿಗೆ ನಿಂತಿತು. “ಅಣ್ಣ ಒಪ್ಪಲ್ಲ. ಗಂಡನ್ನ ಬಿಟ್ಟಿದ್ದೇ ಜಾಸ್ತಿ ಆಗಿದೆ ಅಂತಾನೆ,” ಎಂದರು.

ಮರುದಿನ ಬೆಳಿಗ್ಗೆ ನಾನು ಹೊರಟೆ. ಬಸ್ ಸ್ಟಾಪಿನವರೆಗೂ ಬಂದರು. ಬಸ್ಸು ಹೊರಟಾಗ ಕೈ ಬೀಸಲಿಲ್ಲ, ಸೆರಗನ್ನು ಹೊದ್ದುಕೊಂಡು ನಿಂತೇ ಇದ್ದರು. ಮುಂದಿನ ವರ್ಷ ಅಣ್ಣನೇ ರಾಜಿ ಮಾಡಿಸಿ ಅವರನ್ನು ಗಂಡನ ಊರಿಗೆ ಕಳಿಸಿದ. ಸ್ವಿಚ್‌ಬೋರ್ಡಿನ ಮುಂದೆ ಬೇರೊಬ್ಬಳು ಬಂದು ಕೂತಳು. ಅವಳಿಗೆ ನನ್ನ ಹೆಸರು ಹೇಳಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು.