ಗುದ್ಲೆಪ್ಪನ ಮಗಳು ತೆಗೆದ ರಕ್ತ

ಸವಣೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಲ್ಯಾಬಿನಲ್ಲಿ ಸವಿತಾ ಜನರ ರಕ್ತ ತೆಗೆದು ಪರೀಕ್ಷಿಸತೊಡಗಿ ಏಳು ವರ್ಷವಾಯಿತು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಹೊಗಳುತ್ತಾರೆ. ಆದರೆ ಅವಳು ಈ ಕೆಲಸ ಕಲಿತದ್ದು ಸೇವೆ ಮಾಡಲಿಕ್ಕಲ್ಲ, ಸೇಡಿಗೆ.

ಅದಕ್ಕೂ ಮೊದಲು, ಅವರೂರು ಹತ್ತಿಮತ್ತೂರಿನಲ್ಲಿ ಅವಳಪ್ಪ ಗುದ್ಲೆಪ್ಪ ಹೊಟ್ಟೆನೋವಿನಿಂದ ಹೊರಳಾಡಿದಾಗ ಮಂದಿ ಕರೆತಂದದ್ದು ಶಂಭುಲಿಂಗಪ್ಪನನ್ನು. ಊರಿಗೇ ದೊಡ್ಡ ಕುಳ. ಹೊಟ್ಟೆ ತಿಕ್ಕಿ ಬಟ್ಟಿ ತೆಗೆಯುವುದರಲ್ಲಂತೂ ಎತ್ತಿದ ಕೈ. ಹೊಕ್ಕುಳಿನ ನರ ಜಾಗ ಬಿಟ್ಟಿದೆ, ಅದೇ ಬಟ್ಟಿ ಎಂದು ಔಡಲೆಣ್ಣೆ ಹಚ್ಚಿ ಮೂರು ದಿನ ತಿಕ್ಕಿದ. ಆಸ್ಪತ್ರೆ ಎಂದವರ ಬಾಯಿ ಮುಚ್ಚಿಸಿದ. ನಾಲ್ಕನೆಯ ದಿನ ಹಾವೇರಿಯಲ್ಲಿ ನೋಡಿದರೆ ರಕ್ತದಲ್ಲಿ ಲಿಪೇಸ್ ಸಾವಿರ ದಾಟಿತ್ತು. ಅದು ಜಿಡ್ಡು ಅರಗಿಸುವ ರಸ. ಮೇದೋಜೀರಕ ಗ್ರಂಥಿ ಬಾತುಕೊಂಡರೆ ರಕ್ತಕ್ಕೆ ಸೋರುತ್ತದೆ. ಅಷ್ಟರಲ್ಲಿ ಕಾಲ ಮಿಂಚಿತ್ತು. ತನ್ನ ತಪ್ಪು ಮುಚ್ಚಲು ಶಂಭುಲಿಂಗಪ್ಪ, ಮಣ್ಣು ಮಾಡಲು ಬಂದವರೆದುರು "ಈ ಬ್ಯಾನಿ ಕುಡುಕರಿಗಷ್ಟ ಬರತೈತಿ. ಕದ್ದ ಕುಡೀತಿದ್ದ, ಅದಕ್ಕ ಹೋದ" ಎಂದುಬಿಟ್ಟ. ಗುದ್ಲೆಪ್ಪ ಹನಿ ಮುಟ್ಟಿದವನಲ್ಲ. ಕುಡುಕನ ಮಗಳೆಂದು ಸವಿತಾಳಿಗೆ ಎರಡು ಸಂಬಂಧ ತಪ್ಪಿದವು.

ಮೊನ್ನೆ ಸೋಮವಾರ ಆ ಶಂಭುಲಿಂಗಪ್ಪನೇ ಹೊಟ್ಟೆ ಹಿಡಿದುಕೊಂಡು ಬಂದ, ಜೊತೆಗೆ ಊರಿನ ಐದಾರು ಮಂದಿ. ಮಾಡಿದ್ದುಣ್ಣೋ ಮಹರಾಯ! ತನ್ನ ಹೊಟ್ಟೆಗೆ ಬಂದಾಗ ಬಟ್ಟಿ ನೆನಪಾಗಲಿಲ್ಲ ನೋಡಿ, ನೇರ ಡಾಕ್ಟರ ಚೀಟಿ ತಂದಿದ್ದ. ಮಾಸ್ಕ್ ಹಾಕಿದ್ದ ಸವಿತಾಳ ಗುರುತು ಹತ್ತಲಿಲ್ಲ.

ಅರವತ್ತರೊಳಗಿರಬೇಕಾದ ಲಿಪೇಸ್ ಹನ್ನೊಂದುನೂರ ನಲವತ್ತು ಬಂತು. ಅವಳಿಗೆ ಖುಷಿಯಾಯಿತು. ರಿಪೋರ್ಟು ನಾಳೆ ಎಂದುಬಿಟ್ಟರೆ ಸಾಕಿತ್ತು. ಅನ್ನಬೇಕೆಂದೂ ಅನ್ನಿಸಿತು. ಆದರೆ ಸತ್ತವನ ಬಾಯಿಂದ ಮಾತು ಹೊರಡಿಸಲಾಗುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಅಂಕಿ ಹೇಳಿ, ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸ್ ಕರೆಸಿದಳು. ಆಮೇಲೆ ಮಾಸ್ಕ್ ತೆಗೆದು, ರಿಪೋರ್ಟು ಹಿಡಿದು ಹೊರಗೆ ಬಂದಳು.

"ಎಷ್ಟ ವರ್ಷಾತ್ರಿ ಕುಡಿಯಾಕ ಹತ್ತಿ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

"ಏ ತಂಗಿ, ಏನ್ ಮಾತಾಡ್ತಿ? ಕೊಳ್ಳಾಗ ಲಿಂಗ ಕಟ್ಟಿದಾಂವ ನಾ. ಒಂದ ಹನಿ ಮುಟ್ಟಿಲ್ಲ!"

"ಈ ಬ್ಯಾನಿ ಕುಡುಕರಿಗಷ್ಟ ಬರತೈತಿ ಅಂದಿದ್ರಲ್ರಿ, ನಮ್ಮಪ್ಪನ ಮಣ್ಣಿನ್ಯಾಗ. ನಾ ಗುದ್ಲೆಪ್ಪನ ಮಗಳು."

ಅವನ ಮುಖ ಬಿಳಿಚಿತು. ರಿಪೋರ್ಟಿಗೆ ಕೈ ಚಾಚಿದ, ಅವಳು ಕೊಡಲಿಲ್ಲ. ಆ ಕಾಗದವಿಲ್ಲದೆ ಯಾವ ಡಾಕ್ಟರೂ ತನ್ನನ್ನು ಮುಟ್ಟುವುದಿಲ್ಲವೆಂದು ಅವನು ತಿಳಿದಿದ್ದ. ಅಂಕಿ ಆಗಲೇ ಡಾಕ್ಟರಿಗೆ ತಲುಪಿದೆ ಎಂದು ಸವಿತಾ ತಿದ್ದುವ ಗೋಜಿಗೆ ಹೋಗಲಿಲ್ಲ.

"ಕುಡೀದಿದ್ರೂ ಬರತೈತ್ರಿ ಇದು. ನಿಮ್ಮ ಬಾಯಿಲೇ ಇವರಿಗೆ ಹೇಳ್ರಿ."

"ಗುದ್ಲೆಪ್ಪ ಕುಡೀತಿರಲಿಲ್ಲ," ಎಂದು ಅವನು ನೆಲ ನೋಡುತ್ತ ಗೊಣಗಿದ.

"ಕೇಳವಲ್ದರಿ."

"ಕುಡೀತಿರಲಿಲ್ಲಬೇ ತಂಗಿ! ನಾನ ತಿಕ್ಕಿ ತಿಕ್ಕಿ ಹೊತ್ತ ಕಳದ್ನಿ. ಆಮ್ಯಾಲೆ ಸುಳ್ಳ ಹೇಳಿದ್ನಿ."

ಆಂಬುಲೆನ್ಸ್ ಬಂದು ನಿಂತಿತು. ಅದನ್ನು ಆಗಲೇ ಕರೆಸಿದವಳು ಇವಳೇ ಎಂದು ಡ್ರೈವರ್ ಹೇಳಿದಾಗ ಶಂಭುಲಿಂಗಪ್ಪ ಕೈ ಮುಗಿದ.

"ಕೈ ಮುಗೀಬ್ಯಾಡ್ರಿ," ಎಂದಳು ಸವಿತಾ. "ಉಳದ ಬರ್ರಿ. ಬಂದು ದಿನಾ ಈ ಮಂದಿಗೆ ಮಾರಿ ತೋರಸ್ರಿ."