ಇಲ್ಲದ ಪ್ರೋಟಾನ್, ಇರುವ ಕರಂಟು

"ಪೈತ್ಯಕ್ಕಲ್ವಾ ತಂಬಿ ಕರಂಟು ಇಡಾದು? ನಮ್ಮ ಸೆಲ್ವಿಗೇನು ಪೈತ್ಯವಾ?"

ಇಪ್ಪತ್ತು ವರ್ಷದ ಹಿಂದೆ, ತಮಿಳುನಾಡಿನ ಕಂಬಂನಲ್ಲಿ ನಮ್ಮ ಚಿಕ್ಕಮ್ಮ ನನ್ನನ್ನು ಹೀಗೆ ತರಾಟೆಗೆ ತೆಗೆದುಕೊಂಡಳು. (ಪೈತ್ಯ ಅಂದರೆ ಹುಚ್ಚು. ನೂರಾರು ವರ್ಷ ತಮಿಳಿನ ಜೊತೆ ಬಾಳಿದ ನಮ್ಮ ಮನೆಗನ್ನಡ ಹೀಗೇ.) ಅವಳ ಮಗಳು ಸೆಲ್ವಿಗೆ ಮಿದುಳಿನಲ್ಲಿ ಗಡ್ಡೆ, ಕಣ್ಣಿನ ನರದ ಪಕ್ಕದಲ್ಲೇ. ಮಧುರೈನಲ್ಲಿ ಮೂಗಿನ ಮೂಲಕ ಆಪರೇಷನ್ ಮಾಡಿ ಆದಷ್ಟು ತೆಗೆದಿದ್ದರು. ಹೊರಗೆ ಗಾಯವಿಲ್ಲ, ಹಾಗಾಗಿ ಊರಿಗೆ ಸುದ್ದಿಯೂ ಇಲ್ಲ. ಉಳಿದ ಗಡ್ಡೆಗೆ ಬೇಗ ರೇಡಿಯೇಷನ್ ಕೊಡಬೇಕು, ಇಲ್ಲದಿದ್ದರೆ ದೃಷ್ಟಿ ಹೋಗುತ್ತದೆ ಎಂದಿದ್ದರು ಡಾಕ್ಟರು.

ಕಂಬಂ ಕಣಿವೆಯಲ್ಲಿ ರೇಡಿಯೇಷನ್ನಿಗೆ "ಕರಂಟು ಇಡುವುದು" ಅನ್ನುತ್ತಾರೆ. ಹುಚ್ಚರಿಗೆ ಕೊಡುವ ಶಾಕಿಗೂ ಅದೇ ಹೆಸರು. ಇನ್ನು ಕೇಳಬೇಕೆ? ಸೆಲ್ವಿಗೆ ಹತ್ತಿರದ ಬೋಡಿ ಊರಿನಿಂದ ಮದುವೆ ಸಂಬಂಧ ಬಂದಿತ್ತು. ಕರಂಟಿಗೆಂದು ದಿನಾ ಮಧುರೈ ಬಸ್ಸು ಹತ್ತಿದರೆ ಊರು ಸುಮ್ಮನಿರುತ್ತದೆಯೇ?

ಸಾಲದ್ದಕ್ಕೆ ದಿಂಡಿಗಲ್ಲಿನಿಂದ ಚಿಕ್ಕಮ್ಮನ ಹಿರಿಯ ಅಳಿಯ ಬಂದ. ಎಂಜಿನಿಯರ್. ಕೈಯಲ್ಲಿ ಇಂಗ್ಲಿಷ್ ಮ್ಯಾಗಜೀನ್.

"ಫಾರಿನ್ನಾಗೆ ಪ್ರೋಟಾನ್ ಅಂತ ಹೊಸ ಕಿರಣ ಬಂದದೆ ಅತ್ತೆ. ಗಡ್ಡೆ ತಾವ ಹೋಗಿ ನಿಂತ್ಕತ್ತದೆ. ಸುತ್ತ ಏನೂ ಸುಡಾದಿಲ್ಲ. ಇಲ್ಲೂ ಬತ್ತದೆ, ಕಾಯಾನ."

ಅಬ್ಬಾ, ಕರಂಟಲ್ಲವಲ್ಲ! ಚಿಕ್ಕಮ್ಮನ ಮುಖ ಅರಳಿತು.

ನಾನೇ ಮಧುರೈಗೆ ಹೋಗಿ ಡಾಕ್ಟರನ್ನು ಕೇಳಿದೆ. ಅಳಿಯ ಓದಿದ್ದು ಪೂರ್ತಿ ಸುಳ್ಳಲ್ಲವಂತೆ. ಪ್ರೋಟಾನ್‌ನಿಂದ ಗಡ್ಡೆಯ ಆಚೆಗಿನ ಮಿದುಳಿಗೆ ಪೆಟ್ಟು ಕಡಿಮೆ. ಆದರೆ ಪಕ್ಕದ ನರಕ್ಕೆ ಅದರಿಂದಲೂ ಅಪಾಯ ತಪ್ಪಿದ್ದಲ್ಲ. "ಆ ಮೆಷಿನ್ನು ನಮ್ಮ ದೇಶದಲ್ಲೇ ಇಲ್ಲ ಸಾರ್. ಇಲ್ಲಿರುವುದೂ ಕೆಲಸ ಮಾಡುತ್ತೆ. ಮೊದಲು ಹುಡುಗಿಯನ್ನು ಕರಕೊಂಡು ಬನ್ನಿ" ಎಂದರು.

ವಾಪಸ್ ಬಂದು ಹೇಳಿದೆ. ಬೇಡಿಕೊಂಡೆ. ಕೂಗಾಡಿದೆ. ಅಳಿಯ ಮ್ಯಾಗಜೀನಿನ ಪುಟ ತೋರಿಸಿದ. ನನಗೆ ಮೈಯೆಲ್ಲ ಉರಿಯಿತು. ಇಲ್ಲದ ಮೆಷಿನ್ನಿನ ಹೊಗಳಿಕೆ ಓದಿ, ಇರುವ ಮೆಷಿನ್ನನ್ನು ಬೇಡವೆನ್ನುವ ವಿದ್ಯಾವಂತರಿಗೆ ಏನನ್ನೋಣ? ಚಿಕ್ಕಮ್ಮನಿಗೆ ಒಂದು ಪದ ತಿಳಿಯಲಿಲ್ಲ, ಸರಿ. ಇವನಿಗೇನಾಗಿದೆ ಧಾಡಿ?

"ಕಲ್ಯಾಣ ಮುಗೀಲಿ ತಂಬಿ, ಆಮ್ಯಾಕೆ ನೋಡಾನ" ಎಂದಳು ಚಿಕ್ಕಮ್ಮ. "ನಾಳಿದ್ದು ಬೋಡಿಯವರು ಹೆಣ್ಣು ನೋಡಾಕೆ ಬತ್ತಾರೆ."

"ನಾಳಿದ್ದೇನಾ?" ಎಂದೆ ನಾನು. ಮೂಲೆಯಲ್ಲಿ ಕೂತಿದ್ದ ಸೆಲ್ವಿ ನನ್ನ ದನಿ ಬಂದ ಕಡೆಗೆ ತಿರುಗಿದಳು.

"ಅವರು ನನ್ನ ನೋಡ್ತಾರೆ, ಸರಿ ಅಣ್ಣಾ. ನಾನು ಅವರನ್ನ ನೋಡಬ್ಯಾಡ್ವಾ?"