ನೆಲಕ್ಕೆ ಕಾಕಂಬಿ ಉಣಿಸಿದ ನೀಲಪ್ಪ

ಕಟಕೋಳದ ಆಚೆಗಿನ ಒಂದು ಸಣ್ಣ ಊರಿನಲ್ಲಿ ನೀಲಪ್ಪ ಇಪ್ಪತ್ತಾರು ವರ್ಷಗಳಿಂದ ಪಂಚಾಯ್ತಿಯ ನೀರಗಂಟಿ. ಊರಿನ ಎಂಟೂ ಬೋರುಗಳ ಗುಣ ಅವನಿಗೆ ಹೆಂಡತಿಯ ಅಣ್ಣತಮ್ಮಂದಿರ ಗುಣದಷ್ಟೇ ಚೆನ್ನಾಗಿ ಗೊತ್ತು. ಮೂರನೆಯದು ಸಿಡುಕಿನದು, ಐದನೆಯದು ಸೋಮಾರಿ.

ಊರ ಪಕ್ಕದಲ್ಲಿ ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮಿನ ಹೊಳಪು ಹಾಕುವ ಕಾರ್ಖಾನೆಯೊಂದಿತ್ತು. ಅದು ಮುಚ್ಚಿ ಎಷ್ಟೋ ವರ್ಷಗಳ ಮೇಲೆ ನಾಲ್ಕನೆಯ ಬೋರಿನಿಂದ ಹಳದಿ ನೀರು ಬಂತು. ಗುಜರಿ ಅಂಗಡಿಯ ಭೀಮಶಿ, "ದೇವಿ ಅರಿಷಿಣ ಕೊಟ್ಟಾಳ" ಎಂದು ಕೈಮುಗಿದ.

"ಹಂಗಾರ ಸಾರಿಗೆ ಹಾಕ್ಕೊಂಡ ಉಣ್ರಿ," ಎಂದಳು ನೀಲಪ್ಪನ ಹೆಂಡತಿ ಕೆಂಪವ್ವ.

ಕಾರ್ಖಾನೆಯ ಕ್ರೋಮು ನೆಲಕ್ಕಿಳಿದು ನೀರಿಗೆ ಸೇರಿದೆ, ಅದು ವಿಷವೆಂದು ಪರೀಕ್ಷೆಯಲ್ಲಿ ತಿಳಿಯಿತು. ನೀಲಪ್ಪ ಬೋರಿಗೆ ಕೆಂಪು ಬಣ್ಣ ಬಳಿದ. ಊರಿಗೆ ಟ್ಯಾಂಕರ್ ಬರತೊಡಗಿತು.

ಕೊನೆಗೆ ಬೆಳಗಾವಿಯಿಂದ ಉಮಾಶ್ರೀ ಎಂಬ ಇಂಜಿನಿಯರ್ ನಕಾಶೆ ಹಿಡಿದು ಬಂದಳು. ನೆಲದೊಳಗಿನ ನೀರು ತೊಳೆಯಲು ಮೂರು ದಾರಿಗಳಿವೆ, ಆರಿಸಿಕೊಳ್ಳಿ ಎಂದು ಸಭೆ ಕರೆದಳು.

"ಮೊದಲನೇದು, ನೀರ ಮ್ಯಾಲೆತ್ತಿ ಯಂತ್ರದಾಗ ಶುದ್ಧ ಮಾಡೂದು. ದಿನಾ ಇಪ್ಪತ್ನಾಕ ತಾಸು ಕರೆಂಟ್ ಬೇಕು."

ಅಷ್ಟರಲ್ಲಿ ಸಭೆಯ ಫ್ಯಾನು ನಿಂತಿತು. ಉಮಾಶ್ರೀ ತಾನಾಗಿಯೇ ಎರಡನೆಯದಕ್ಕೆ ಹೋದಳು: ನೀರು ಹರಿಯುವ ದಾರಿಗೆ ಅಡ್ಡಲಾಗಿ ನೆಲದೊಳಗೆ ಕಬ್ಬಿಣದ ಪುಡಿಯ ಗೋಡೆ. ನೀರು ದಾಟುತ್ತದೆ, ವಿಷ ಅಲ್ಲೇ ಉಳಿಯುತ್ತದೆ.

ಭೀಮಶಿ ಎದ್ದು ನಿಂತ. "ಕಬ್ಬಿಣಾ ನಾ ಕೊಡತೇನ್ರಿ!"

"ಪುಡಿ ಬೇಕ್ರಿ. ಹಳೇ ಬಕೀಟು ನಡ್ಯಾಂಗಿಲ್ಲ."

ಭೀಮಶಿ ಕುಳಿತ.

ಮೂರನೆಯದು ಕಾಕಂಬಿ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ. ಅದನ್ನು ನೆಲಕ್ಕೆ ಇಳಿಬಿಟ್ಟರೆ ಕಣ್ಣಿಗೆ ಕಾಣದ ಜೀವಿಗಳು ತಿಂದು ಕೊಬ್ಬಿ, ವಿಷವನ್ನು ಕರಗದ ಹಾಗೆ ಮಣ್ಣಿಗೆ ಅಂಟಿಸಿಬಿಡುತ್ತವೆ.

"ನಮಗ ಚಾಕ್ಕ ಸಕ್ಕರಿ ಇಲ್ಲ, ಹುಳಕ್ಕ ಪಾಕಾ?" ಎಂದು ಎಮ್ಮೆ ಸಾಕುವ ಸೋಮವ್ವ ಕೇಳಿದಾಗ ಸಭೆಯೆಲ್ಲ ನಕ್ಕಿತು.

ನೀಲಪ್ಪ ಮಾತ್ರ ನಕಾಶೆ ನೋಡುತ್ತಿದ್ದ. ನೀರು ಮೂಡಲಿಗೆ ಹರಿಯುತ್ತದೆ ಎಂದು ಅದರಲ್ಲಿ ಬಾಣ ಬರೆದಿತ್ತು.

"ಮೇಡಮ್ಮಾರ, ಬಾಣ ದಾರಿ ತಪ್ಪೈತ್ರಿ."

"ಇಳುಕಲ ಆ ಕಡೆನ ಐತೆಲ್ಲಾ, ನೀಲಪ್ಪಾರ?"

"ಮ್ಯಾಲಿನ ನೆಲದ ಮಾತು ಒಳಗಿನ ನೀರು ಕೇಳೂದಿಲ್ರಿ. ಮೊದಲ ನಾಲ್ಕನೇ ಬೋರ್ ಹಳದಿ ಆತು. ಮರುವರ್ಷ ಏಳನೇದು. ಹ್ವಾದ ದೀಪಾವಳಿಗೆ ಅನ್ನಪೂರ್ಣಾಬಾಯಾರ ಬಾವಿ. ಎಲ್ಲಾ ತೆಂಕಲಕ್ಕ, ಸಾಲಿ ಕಡೆ."

ಉಮಾಶ್ರೀ ಮೂರು ಚುಕ್ಕೆ ಇಟ್ಟು ಗೆರೆ ಎಳೆದಳು. ಗೆರೆ ನೆಟ್ಟಗೆ ಶಾಲೆಯ ಬೋರಿನತ್ತ ಹೋಯಿತು. ಅವಳು ಬಾಣವನ್ನು ಅಳಿಸಿದಳು. ಮೂಡಲಲ್ಲಿ ಗೋಡೆ ಕಟ್ಟಿದ್ದರೆ ಅದು ಎರೆಹುಳಗಳಿಗಷ್ಟೇ ಬೇಲಿಯಾಗುತ್ತಿತ್ತು.

ಹೊಸ ಜಾಗದಲ್ಲಿ ಗೋಡೆಯ ಅಳತೆ ಮುಗಿಯುವವರೆಗೆ ಕಾರ್ಖಾನೆಯ ಅಂಗಳದಲ್ಲಿ ಕಾಕಂಬಿ ಇಳಿಸಿ ನೋಡುವುದೆಂದಾಯಿತು. ಉಣಿಸುವ ಕೆಲಸ ನೀಲಪ್ಪನದು.

ಕಾಕಂಬಿಯ ಡ್ರಮ್ಮುಗಳ ಹಿಂದೆಯೇ ಇರುವೆಗಳು ಬಂದವು. ಸೋಮವ್ವನ ಎಮ್ಮೆ ಡ್ರಮ್ಮಿಗೆ ಮುಖ ಹಾಕಿ, ಎರಡು ದಿನ ಮೂತಿಗೆ ನೊಣ ಕಟ್ಟಿಕೊಂಡು ತಿರುಗಿತು. ನೀಲಪ್ಪ ದಿನಾ ನೆಲಕ್ಕಿಳಿಸಿದ ಪೈಪಿನ ಬಾಯಿಗೆ ಬಗ್ಗಿ, "ಸಾವಕಾಶ ಉಣ್ರೆಪಾ" ಎನ್ನುತ್ತಿದ್ದ.

ಒಂದು ದಿನ ಕೆಂಪವ್ವ ಇದನ್ನು ಕೇಳಿಸಿಕೊಂಡಳು. "ಮೂವತ್ತ ವರ್ಷದಾಗ ನನಗೊಮ್ಮಿ ಉಣ್ಣು ಅಂದಿಲ್ಲ ನೀವು!"

ಅಂದು ಸಂಜೆ ನೀಲಪ್ಪ ತಾನೇ ಅವಳಿಗೆ ರೊಟ್ಟಿ ಬಡಿಸಿದ. ಪಲ್ಯ ಬಡಿಸುವುದು ಮರೆತ.

ಎರಡು ತಿಂಗಳಿಗೆ ನಾಲ್ಕನೆಯ ಬೋರಿನಿಂದ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಹುಳಗಳಿಗೆ ಅತಿಯಾಗಿ ಉಣಿಸಿ ಕೊಂದನೆಂದು ಊರು ಬೈಯಿತು. ನೀಲಪ್ಪನಿಗೂ ಹಾಗೇ ಅನ್ನಿಸಿ ಅನ್ನ ಸೇರಲಿಲ್ಲ. ಉಮಾಶ್ರೀಗೆ ಫೋನ್ ಹಚ್ಚಿದ.

"ಮೇಡಮ್ಮಾರ, ನನ್ನ ಕೈಯಾಗ ಸತ್ತಾವ್ರಿ."

ಅವಳು ನಕ್ಕಳು. "ಸತ್ತಿಲ್ರಿ, ದುಡ್ಯಾಕ ಹತ್ತ್ಯಾವು. ಅದು ದುಡಿಯೂ ವಾಸನಿ."

ಐದನೆಯ ತಿಂಗಳು ನಾಲ್ಕನೆಯ ಬೋರಿನ ಹಳದಿ ಹೋಯಿತು. ವಿಷ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಕುಡಿಯುವಂತಿರಲಿಲ್ಲ, ಟ್ಯಾಂಕರ್ ತಪ್ಪಲಿಲ್ಲ. ಆದರೂ ಸಭೆ ಕಾರ್ಖಾನೆಗೆ ಕಾಕಂಬಿ, ಶಾಲೆಯ ಮುಂದೆ ಕಬ್ಬಿಣದ ಗೋಡೆ ಎಂದು ಕೈ ಎತ್ತಿತು. ಈ ಸಲ ಯಾರೂ ನಗಲಿಲ್ಲ.

ಸುದ್ದಿ ಕೇಳಿ ಸವದತ್ತಿ ಕಡೆಯಿಂದ ನಾಲ್ವರು ನೋಡಲು ಬಂದರು. ಒಬ್ಬ, "ದಿನಕ್ಕ ಎಷ್ಟ ಹಾಕತೀರಿ?" ಎಂದು ಕೇಳಿದ್ದೇ ತಡ, ನೀಲಪ್ಪ ಒಂದೂವರೆ ತಾಸು ಮಾತಾಡಿದ. ಅವರ ಬಸ್ಸು ಹೋಗಿಬಿಟ್ಟಿತು. ಕೆಂಪವ್ವ ಗೊಣಗುತ್ತಲೇ ನಾಲ್ಕು ತಟ್ಟೆ ಹಾಕಿದಳು.